ಗ್ಲಾಕೋಮಾ ಆಪರೇಷನ್ ನಂತರ ಕಲೆ ಕಟ್ಟದಿರಲು ಯಾವುದು ಸರಿ: ಮೈಟೊಮೈಸಿನ್, ಕೊಲಾಜೆನ್ ಸ್ಪಂಜು, ಆಮ್ನಿಯಾಟಿಕ್ ಪದರ ಅಥವಾ ಟ್ಯೂಬ್?

ಬೇರೆ ಯಾವ ಆಪರೇಷನ್ ಆದರೂ ಗಾಯ ಬೇಗ ಮಾಯಲಿ ಅಂತ ಕಾಯುತ್ತೇವೆ. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆಯಾದ ಗ್ಲಾಕೋಮಾದಲ್ಲಿ ಲೆಕ್ಕವೇ ಬೇರೆ. ಇಲ್ಲಿ ಗಾಯ ಪೂರ್ತಿ ಮಾಯ್ದು ಮುಚ್ಚಿಕೊಂಡರೆ ಆಪರೇಷನ್ ಸೋತ ಹಾಗೆ. ಕಣ್ಣಿನೊಳಗಿನ ನೀರು ಹೊರಬರಲಿ ಅಂತ ಸರ್ಜನ್ ಬೇಕೆಂದೇ ಒಂದು ಚಿಕ್ಕ ದಾರಿ ಮಾಡಿರುತ್ತಾರೆ. ದೇಹ ಅದನ್ನು ಗಾಯ ಅಂತಲೇ ತಿಳಿಯುತ್ತದೆ. ನಾರು ನೇಯ್ದು, ಗಟ್ಟಿ ಮಾಡಿ, ಮುಚ್ಚಲು ಹೊರಡುತ್ತದೆ.

ಈ ಕಲೆ ಕಟ್ಟುವುದನ್ನು ತಡೆಯಲು ಈಗ ಹಲವು ದಾರಿಗಳಿವೆ. ಹಳೆಯ ಔಷಧಿ ಇದೆ, ಕರಗುವ ಕೊಲಾಜೆನ್ ಸ್ಪಂಜು ಇದೆ, ಹೆರಿಗೆಯ ಮಾಸಿನಿಂದ ತೆಗೆದ ಪದರ ಇದೆ, ಸಿಲಿಕೋನ್ ತಟ್ಟೆ ಇರುವ ಟ್ಯೂಬ್ ಇದೆ, ಕೂದಲೆಳೆಯಂಥ ಸಣ್ಣ ಕೊಳವೆಗಳೂ ಇವೆ. ಆಪರೇಷನ್‌ಗೆ ಮೊದಲು ಕೌನ್ಸೆಲಿಂಗ್ ಮೇಜಿನಲ್ಲಿ ಕೂತಾಗ ಈ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದೊಂದಕ್ಕೂ ಬೆಲೆ ಬೇರೆ. ನಮ್ಮ ಕುಟುಂಬದಲ್ಲಿ ಗ್ಲಾಕೋಮಾ ಇದೆ, ಆ ಮೇಜಿನ ಮುಂದೆ ಕೂತು ಗೊಂದಲಪಡುವುದು ಏನು ಅಂತ ನನಗೆ ಗೊತ್ತು. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಸ್ತು ಎಷ್ಟು ಹೊಸದು ಅಂತ ನೋಡಿ ಆರಿಸಬೇಡಿ. ನಿಮ್ಮ ಕಣ್ಣಿನ ಮೇಲ್ಹೊದಿಕೆ ಈಗ ಯಾವ ಸ್ಥಿತಿಯಲ್ಲಿದೆ, ಆ ಕಣ್ಣಿಗೆ ಹಿಂದೆ ಏನೇನಾಗಿದೆ ಅಂತ ನೋಡಿ ಆರಿಸಿ. ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ.

ಕಲೆ ಯಾಕೆ ಕಟ್ಟುತ್ತದೆ

ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2ರಿಂದ 2.5 ಮೈಕ್ರೊಲೀಟರ್ ನೀರು ಹುಟ್ಟುತ್ತಲೇ ಇರುತ್ತದೆ. ಅದು ಹೊರಹೋಗುವ ಜಾಲರಿ ಕಟ್ಟಿಕೊಂಡರೆ ಒತ್ತಡ ಏರಿ ಕಣ್ಣಿನ ನರ ಸಾಯುತ್ತಾ ಹೋಗುತ್ತದೆ. ಡ್ರಾಪ್ಸ್ ಮತ್ತು ಲೇಸರ್‌ಗೆ ಒತ್ತಡ ಬಗ್ಗದಿದ್ದರೆ ಟ್ರಾಬೆಕ್ಯುಲೆಕ್ಟಮಿ ಮಾಡುತ್ತಾರೆ. ಕೇಂಬ್ರಿಜ್‌ನ ಜಾನ್ ಕೇರ್ನ್ಸ್ 1968ರಲ್ಲಿ ಇದನ್ನು ವಿವರಿಸಿದರು. ಕಣ್ಣಿನ ಬಿಳಿ ಗೋಡೆಯಲ್ಲಿ ಒಂದು ಅರ್ಧದಪ್ಪದ ಮುಚ್ಚಳ ಎತ್ತಿ, ಅದರ ಕೆಳಗೆ ತೂತು ಮಾಡಿ, ಮುಚ್ಚಳಕ್ಕೆ ಸಡಿಲವಾಗಿ ಹೊಲಿಗೆ ಹಾಕುತ್ತಾರೆ. ನೀರು ಆ ಮುಚ್ಚಳದ ಅಂಚಿನಿಂದ ಜಿನುಗಿ ಮೇಲಿನ ತೆಳು ಹೊದಿಕೆಯಾದ ಕಂಜಂಕ್ಟೈವಾ ಕೆಳಗೆ ನಿಲ್ಲುತ್ತದೆ. ಮೇಲಿನ ರೆಪ್ಪೆಯ ಮರೆಯಲ್ಲಿ ಸಣ್ಣ ಉಬ್ಬು ಬರುತ್ತದೆ. ಅದನ್ನೇ ಡಾಕ್ಟರು ಬ್ಲೆಬ್ ಅನ್ನುತ್ತಾರೆ.

ಆಪರೇಷನ್ ಬಾಳಿಕೆ ಬರುವುದು ಈ ಬ್ಲೆಬ್ ಮೆತ್ತಗೆ, ಹರಡಿಕೊಂಡು ಉಳಿದರೆ ಮಾತ್ರ. ಕಂಜಂಕ್ಟೈವಾ ಕೆಳಗೆ ಟೆನಾನ್ ಅನ್ನುವ ಪದರ ಇದೆ. ಅದರಲ್ಲಿ ಫೈಬ್ರೊಬ್ಲಾಸ್ಟ್ ಕಣಗಳು (ನಾರು ನೇಯುವ ಜೀವಕೋಶಗಳು) ಸುಮ್ನೆ ಮಲಗಿರುತ್ತವೆ. ಕತ್ತರಿ ಬಿದ್ದ ಕೂಡಲೇ ರಕ್ತದ ಪ್ರೋಟೀನುಗಳು ಸೋರುತ್ತವೆ, ಟಿಜಿಎಫ್-ಬೀಟಾ ಎಂಬ ಸಂಕೇತ ಹೊರಡುತ್ತದೆ, ಈ ಕಣಗಳು ಎಚ್ಚರವಾಗುತ್ತವೆ. ಮೊದಲು ಸಂಖ್ಯೆಯಲ್ಲಿ ಜಾಸ್ತಿಯಾಗುತ್ತವೆ. ಆಮೇಲೆ ಕೊಲಾಜೆನ್ ನಾರು ಸುರಿಯುತ್ತವೆ. ಕೊನೆಗೆ ಎಳೆದು ಬಿಗಿಯುವ ಗುಣ ಪಡೆದು ಆ ಜಾಗವನ್ನೇ ಕುಗ್ಗಿಸುತ್ತವೆ. ಕಷ್ಟದ ವಿಷಯ ಅಂದರೆ, ಗ್ಲಾಕೋಮಾ ಇರುವ ಬಹಳಷ್ಟು ಕಣ್ಣುಗಳ ನೀರಿನಲ್ಲೇ ಟಿಜಿಎಫ್-ಬೀಟಾ 2 ಪ್ರಮಾಣ ಹೆಚ್ಚಿರುತ್ತದೆ. ಅಂದರೆ ಹೊರಬರುವ ನೀರೇ ಕಲೆ ಕಟ್ಟಲು ಪ್ರಚೋದನೆ ತರುತ್ತದೆ.

ಯಾರಿಗೆ ಕಲೆ ಜಾಸ್ತಿ? ಮಕ್ಕಳಿಗೆ ಮತ್ತು ಹರೆಯದವರಿಗೆ. ಆ ಕಣ್ಣಿಗೆ ಈಗಾಗಲೇ ಒಂದು ಆಪರೇಷನ್ ಆಗಿದ್ದವರಿಗೆ. ಕಣ್ಣಿನೊಳಗೆ ಉರಿಯೂತ ಇದ್ದವರಿಗೆ. ಸಕ್ಕರೆ ಕಾಯಿಲೆಯಿಂದ ಐರಿಸ್ (ಕಣ್ಣಿನ ಬಣ್ಣದ ಭಾಗ) ಮೇಲೆ ಹೊಸ ರಕ್ತನಾಳ ಬೆಳೆದವರಿಗೆ. ಆಫ್ರಿಕನ್ ಮೂಲದವರಲ್ಲೂ ಹೆಚ್ಚು ಅಂತ ಅಧ್ಯಯನಗಳು ಹೇಳುತ್ತವೆ. ಜನ ಗಮನಿಸದ ಇನ್ನೊಂದು ಕಾರಣ, ವರ್ಷಗಟ್ಟಲೆ ಹಾಕಿದ ಡ್ರಾಪ್ಸ್. ಬಹಳಷ್ಟು ಡ್ರಾಪ್ಸ್‌ನಲ್ಲಿ ಕೆಡದಂತೆ ಇಡಲು ಬೆಂಜಾಲ್ಕೋನಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಅದು ದಿನವೂ ಮೇಲ್ಹೊದಿಕೆಯನ್ನು ಕೆರಳಿಸುತ್ತದೆ. ಮೂರು ನಾಲ್ಕು ಬಾಟಲಿ ಡ್ರಾಪ್ಸ್ ಬಹುಕಾಲ ಹಾಕಿದ ಕಣ್ಣು ಆಪರೇಷನ್ ಟೇಬಲ್‌ಗೆ ಬರುವಾಗಲೇ ಕಲೆ ಕಟ್ಟಲು ಅರ್ಧ ತಯಾರಾಗಿರುತ್ತದೆ.

ಒಟ್ಟು ಮೂರು ಯೋಚನೆ

ಹೆಸರುಗಳು ಎಷ್ಟೇ ಇರಲಿ, ಯೋಚನೆ ಮೂರೇ. ಒಂದು, ಕಲೆ ಮಾಡುವ ಕಣಗಳನ್ನು ಔಷಧಿಯಿಂದ ತಡೆಯುವುದು. ಎರಡು, ಕಣಗಳು ಬರಲಿ, ಆದರೆ ಬಿಗಿಯಾಗಿ ನೇಯದಂತೆ ನಡುವೆ ಒಂದು ವಸ್ತು ಇಡುವುದು. ಮೂರು, ಕಲೆ ಬಂದೇ ಬರುತ್ತದೆ ಅಂತ ಒಪ್ಪಿಕೊಂಡು, ಕಲೆ ಬಂದರೂ ನೀರು ಹರಿಯುವಂಥ ಸಾಧನ ಕೂರಿಸುವುದು. ಕೌನ್ಸೆಲರ್ ಹೇಳುವ ಹೆಸರು ಈ ಮೂರರಲ್ಲಿ ಎಲ್ಲಿ ಬರುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೈಟೊಮೈಸಿನ್: ಉಳಿದದ್ದನ್ನೆಲ್ಲ ಅಳೆಯುವ ಅಳತೆಗೋಲು

ಮೈಟೊಮೈಸಿನ್-ಸಿ ಮೂಲತಃ ಕ್ಯಾನ್ಸರ್ ಔಷಧಿ. ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕಣದ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಕಣ ಒಡೆದು ಹೆಚ್ಚದಂತೆ ಮಾಡುತ್ತದೆ. ಗ್ಲಾಕೋಮಾ ಆಪರೇಷನ್‌ನಲ್ಲಿ ಇದರ ಬಳಕೆಯನ್ನು ಮೊದಲು ವರದಿ ಮಾಡಿದ್ದು ತೈವಾನ್‌ನ ಡಾಕ್ಟರ್ ಚೆನ್, 1983ರಲ್ಲಿ. ಈಗ ಜಗತ್ತಿನ ಬಹುಪಾಲು ಟ್ರಾಬೆಕ್ಯುಲೆಕ್ಟಮಿಗಳಲ್ಲಿ ಇದು ಇದ್ದೇ ಇರುತ್ತದೆ. ಪ್ರತಿ ಮಿಲಿಲೀಟರ್‌ಗೆ 0.2ರಿಂದ 0.4 ಮಿಲಿಗ್ರಾಂ ಸಾಂದ್ರತೆಯ ದ್ರವದಲ್ಲಿ ಸಣ್ಣ ಸ್ಪಂಜು ಅದ್ದಿ, ಕೆಲವು ನಿಮಿಷ ಹೊದಿಕೆಯ ಕೆಳಗೆ ಇಟ್ಟು, ಚೆನ್ನಾಗಿ ತೊಳೆಯುತ್ತಾರೆ. ಕೆಲವರು ಇಂಜೆಕ್ಷನ್ ಆಗಿ ಕೊಡುತ್ತಾರೆ.

ಇದರ ಬಲ ಎರಡು. ಬೆಲೆ ಕಡಿಮೆ. ದಶಕಗಳ ಅನುಭವ ಇದೆ. ಒತ್ತಡ 10, 12ರ ಹತ್ತಿರ ಇಳಿಯಲೇಬೇಕಾದ ಮುಂದುವರಿದ ಕಾಯಿಲೆಗೆ ಮೈಟೊಮೈಸಿನ್ ಹಾಕಿದ ಟ್ರಾಬೆಕ್ಯುಲೆಕ್ಟಮಿಯೇ ಈಗಲೂ ಮೊದಲ ಆಯ್ಕೆ. (ಒತ್ತಡವನ್ನು ಪಾದರಸದ ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಟ್ಟ 10ರಿಂದ 21.)

ತೊಂದರೆಯೂ ಇದೆ, ಅದನ್ನು ಮುಚ್ಚಿಡಬಾರದು. ಔಷಧಿ ಒಳ್ಳೆಯ ಕಣ, ಕೆಟ್ಟ ಕಣ ಅಂತ ನೋಡುವುದಿಲ್ಲ. ಒಮ್ಮೊಮ್ಮೆ ಬ್ಲೆಬ್ ಕಾಗದದಂತೆ ತೆಳುವಾಗಿ, ರಕ್ತನಾಳವೇ ಇಲ್ಲದೆ ಬೆಳ್ಳಗಾಗುತ್ತದೆ. ಅಂಥದ್ದು ಸೋರಬಹುದು. ಒತ್ತಡ ಅತಿಯಾಗಿ ಇಳಿದು ಅಕ್ಷಿಪಟಲದ (ರೆಟಿನಾ) ನಡುಭಾಗ ಮಡಿಕೆ ಬಿದ್ದು ನೋಟ ಮಂಜಾಗಬಹುದು. ಹರೆಯದವರಲ್ಲಿ, ಜಾಸ್ತಿ ಮೈನಸ್ ಪವರ್ ಇರುವವರಲ್ಲಿ ಈ ಅಪಾಯ ಹೆಚ್ಚು. ವರ್ಷಗಳ ನಂತರವೂ ಬ್ಲೆಬ್ ಮೂಲಕ ಸೋಂಕು ಒಳಹೊಕ್ಕು ಕಣ್ಣೇ ಹೋಗುವ ಸಾಧ್ಯತೆ ಇದೆ. ಅಪರೂಪ ನಿಜ, ಆದರೆ ನಿರ್ಲಕ್ಷಿಸುವಂಥದ್ದಲ್ಲ.

ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ಪೆಂಗ್ ಖಾವ್ ಮತ್ತು ಅವರ ತಂಡ ಇಲ್ಲಿ ದೊಡ್ಡ ಕೆಲಸ ಮಾಡಿತು. ಔಷಧಿಯನ್ನು ಚಿಕ್ಕ ಜಾಗದಲ್ಲಿ ಒತ್ತಿ ಇಡುವ ಬದಲು ಅಗಲವಾಗಿ ಹರಡಿ, ನೀರು ಹಿಂದಕ್ಕೆ ಹರಿಯುವಂತೆ ಮುಚ್ಚಳ ಕತ್ತರಿಸಿ, ಬೇಕಾದಾಗ ಸಡಿಲಿಸಬಹುದಾದ ಹೊಲಿಗೆ ಹಾಕಿದರೆ ಬ್ಲೆಬ್ ಹರಡಿಕೊಂಡು ಬರುತ್ತದೆ, ತೆಳು ಬ್ಲೆಬ್‌ನ ಕಾಟ ಬಹಳ ಇಳಿಯುತ್ತದೆ ಅಂತ ತೋರಿಸಿದರು. ಔಷಧಿ ಅದೇ. ಹಾಕುವ ರೀತಿ ಬದಲಾಯಿತು, ಫಲಿತಾಂಶವೂ ಬದಲಾಯಿತು. ಹಾಗಾಗಿ ಮೈಟೊಮೈಸಿನ್ ಬಗ್ಗೆ ಹಳೆಯ ಭಯಗಳನ್ನು ಓದಿ ಹೆದರುವ ಮೊದಲು, ನಿಮ್ಮ ಸರ್ಜನ್ ಯಾವ ಪ್ರಮಾಣ, ಎಷ್ಟು ಅಗಲ, ಎಷ್ಟು ನಿಮಿಷ ಇಡುತ್ತಾರೆ ಅಂತ ಕೇಳಿ.

5-ಫ್ಲೋರೊಯುರಾಸಿಲ್ ಇದರ ಜೊತೆಗಾರ. ಶಕ್ತಿ ಸ್ವಲ್ಪ ಕಡಿಮೆ. ಈಗ ಹೆಚ್ಚಾಗಿ ಆಪರೇಷನ್ ಆದ ಮೇಲೆ ಬ್ಲೆಬ್ ಕೆಂಪಾಗಿ ಬಿಗಿಯಲು ಶುರುವಾದಾಗ ಇಂಜೆಕ್ಷನ್ ಆಗಿ ಕೊಡುತ್ತಾರೆ. ಕಣ್ಣಿನ ಮುಂದಿನ ಪಾರದರ್ಶಕ ಭಾಗವಾದ ಕಾರ್ನಿಯಾದ ಮೇಲ್ಪದರ ಕೆರಳಿ ಕೆಲವು ದಿನ ಚುಚ್ಚಿದಂತಾಗಬಹುದು.

ಓಲೊಜೆನ್: ಕರಗುವ ಕೊಲಾಜೆನ್ ಸ್ಪಂಜು

ಬಯೋಮೆಟೀರಿಯಲ್ (ದೇಹದೊಳಗೆ ಇಡುವ ವಸ್ತು) ಅಂದಾಗ ನಮ್ಮಲ್ಲಿ ಮೊದಲು ಕೇಳಿಬರುವ ಹೆಸರು ಇದು. ತೈವಾನ್‌ನಲ್ಲಿ ಬೆಳೆದ ತಂತ್ರಜ್ಞಾನ. ಹಂದಿಯ ಕೊಲಾಜೆನ್ ಶೇ 90ಕ್ಕಿಂತ ಜಾಸ್ತಿ, ಉಳಿದದ್ದು ಕಾಂಡ್ರಾಯ್ಟಿನ್-6-ಸಲ್ಫೇಟ್. ನೋಡಲು ಬಿಳಿ ಬಿಲ್ಲೆ. ಸಾಮಾನ್ಯವಾಗಿ ಬಳಸುವ ಒಂದು ಅಳತೆ 6 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಒಳಗೆಲ್ಲ 10ರಿಂದ 300 ಮೈಕ್ರಾನ್ ಗಾತ್ರದ ರಂಧ್ರಗಳು. ಅದನ್ನು ಮುಚ್ಚಳದ ಮೇಲೆ, ಹೊದಿಕೆಯ ಕೆಳಗೆ ಇಟ್ಟು ಹೊಲಿಯುತ್ತಾರೆ. ಮೂರರಿಂದ ಆರು ತಿಂಗಳಲ್ಲಿ ತಾನೇ ಕರಗಿಹೋಗುತ್ತದೆ.

ಇದು ಎರಡು ಕೆಲಸ ಮಾಡುತ್ತದೆ. ಮೊದಲ ದಿನಗಳಲ್ಲಿ ನೀರು ಹೀರಿ ಉಬ್ಬಿ, ಮುಚ್ಚಳದ ಮೇಲೆ ಹದವಾದ ಭಾರ ಹಾಕುತ್ತದೆ. ಅದರಿಂದ ಒತ್ತಡ ಒಮ್ಮೆಲೇ ಕುಸಿಯುವುದಿಲ್ಲ. ಆಮೇಲೆ ಫೈಬ್ರೊಬ್ಲಾಸ್ಟ್ ಕಣಗಳು ಬಂದಾಗ, ಬಳ್ಳಿಗೆ ಹಂದರ ಸಿಕ್ಕ ಹಾಗೆ, ಅವು ಈ ರಂಧ್ರಗಳೊಳಗೆ ಹಬ್ಬುತ್ತವೆ. ಸಾಲುಗಟ್ಟಿ ಬಿಗಿಯಾದ ಹಗ್ಗ ನೇಯುವ ಬದಲು ನಾರುಗಳು ದಿಕ್ಕಾಪಾಲಾಗಿ, ಸಡಿಲವಾಗಿ ಕೂರುತ್ತವೆ. ಸ್ಪಂಜು ಕರಗಿದ ಮೇಲೆ ಆ ಜಾಗದಲ್ಲಿ ನೀರು ಓಡಾಡುವಷ್ಟು ಸಡಿಲ ಅಂಗಾಂಶ ಉಳಿಯಬೇಕು ಅನ್ನುವುದು ಲೆಕ್ಕ.

ಲೆಕ್ಕ ಚೆನ್ನಾಗಿದೆ. ಫಲಿತಾಂಶ? ಮೈಟೊಮೈಸಿನ್ ಜೊತೆ ಹೋಲಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ, ಒತ್ತಡ ಇಳಿಸುವುದರಲ್ಲಿ ಓಲೊಜೆನ್ ಮೈಟೊಮೈಸಿನ್‌ಗಿಂತ ಮೇಲು ಅಂತ ಎಲ್ಲೂ ಸ್ಪಷ್ಟವಾಗಿ ಕಾಣುವುದಿಲ್ಲ. ಹೆಚ್ಚು ಕಡಿಮೆ ಸಮ, ಕೆಲವು ಕಡೆ ಸ್ವಲ್ಪ ಹಿಂದೆ. ತೆಳು, ಬೆಳ್ಳನೆಯ ಬ್ಲೆಬ್ ಕಡಿಮೆ ಅಂತ ಕೆಲವು ಅಧ್ಯಯನ ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ. 2015ರ ಕಾಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ವರದಿ) ಇಂಥ ಹಲವು ಸಾಧನಗಳನ್ನು ಒಟ್ಟಿಗೆ ತೂಗಿ, ಸಾಕ್ಷ್ಯದ ಗುಣಮಟ್ಟವೇ ಕಡಿಮೆ ಅಂತ ಹೇಳಿತು. ಹೆಚ್ಚಿನ ಅಧ್ಯಯನಗಳಲ್ಲಿ ರೋಗಿಗಳ ಸಂಖ್ಯೆಯೂ ಕಡಿಮೆ, ನೋಡಿದ ಅವಧಿಯೂ ಕಡಿಮೆ. ಗ್ಲಾಕೋಮಾ ಜೀವನವಿಡೀ ಇರುವ ಕಾಯಿಲೆ. ಒಂದೆರಡು ವರ್ಷದ ಅಂಕಿಅಂಶ ನೋಡಿ ತೃಪ್ತಿಪಡಲು ಆಗುವುದಿಲ್ಲ, ಅಲ್ವಾ?

ಹಾಗಾದರೆ ಓಲೊಜೆನ್ ಯಾರಿಗೆ? ನನ್ನ ಪ್ರಕಾರ, ಮೈಟೊಮೈಸಿನ್ ಪೂರ್ತಿ ಪ್ರಮಾಣದಲ್ಲಿ ಹಾಕಲು ಸರ್ಜನ್‌ಗೇ ಅಳುಕು ಇರುವ ಕಣ್ಣಿಗೆ. ಹೊದಿಕೆ ಮೊದಲೇ ತೆಳುವಾಗಿದ್ದರೆ, ಮೈನಸ್ ಪವರ್ ತುಂಬ ಜಾಸ್ತಿ ಇದ್ದರೆ, ಒತ್ತಡ ಅತಿಯಾಗಿ ಇಳಿಯುವ ಭಯ ಇದ್ದರೆ ಇದಕ್ಕೆ ಅರ್ಥ ಇದೆ. ಕಡಿಮೆ ಪ್ರಮಾಣದ ಮೈಟೊಮೈಸಿನ್ ಜೊತೆ ಸೇರಿಸಿ ಬಳಸುವ ಸರ್ಜನ್‌ಗಳೂ ಇದ್ದಾರೆ. ಆದರೆ ಸಾಮಾನ್ಯ ಕಣ್ಣಿಗೆ, ಮೊದಲ ಆಪರೇಷನ್‌ಗೆ, 'ಇದು ಹಾಕಿದರೆ ಒತ್ತಡ ಇನ್ನೂ ಚೆನ್ನಾಗಿ ಇಳಿಯುತ್ತದೆ' ಅನ್ನುವ ಭರವಸೆಯ ಮೇಲೆ ಸಾಲ ಮಾಡಿ ಹಾಕಿಸಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದು ಸೂಕ್ಷ್ಮ ವಿಷಯ. ಇದು ಹಂದಿಯ ಕೊಲಾಜೆನ್. ಧರ್ಮದ ಕಾರಣಕ್ಕೋ, ಪ್ರಾಣಿಜನ್ಯ ವಸ್ತು ಬೇಡ ಅನ್ನುವ ನಿಷ್ಠೆಯಿಂದಲೋ ಇದು ಬೇಡ ಅನ್ನಿಸುವ ಕುಟುಂಬಗಳು ನಮ್ಮಲ್ಲಿ ಬಹಳ ಇವೆ. ಅವರಿಗೆ ಮೊದಲೇ ತಿಳಿಸುವುದು ಆಸ್ಪತ್ರೆಯ ಕರ್ತವ್ಯ. ತಿಳಿಸದಿದ್ದರೆ ನೀವೇ ಕೇಳಿ. ಮುಂದೆ ಹೇಳುವ ಝೆನ್ ಕೊಳವೆಯೂ ಹಂದಿಯ ಜೆಲಾಟಿನ್‌ನಿಂದ ಮಾಡಿದ್ದು. ಸಿಲಿಕೋನ್ ಸಾಧನಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಆಮ್ನಿಯಾಟಿಕ್ ಪದರ

ಮಗುವನ್ನು ಹೊಟ್ಟೆಯಲ್ಲಿ ಸುತ್ತಿಕೊಂಡಿರುವ ಒಳಪದರ ಇದು. ಸಿಸೇರಿಯನ್ ಹೆರಿಗೆಯ ಮಾಸಿನಿಂದ, ತಾಯಿಯ ಒಪ್ಪಿಗೆ ಪಡೆದು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆ ಮಾಡಿ ಸಂಗ್ರಹಿಸುತ್ತಾರೆ. ಉರಿಯೂತ ತಗ್ಗಿಸುವ ಗುಣ ಇದಕ್ಕಿದೆ. ಟಿಜಿಎಫ್-ಬೀಟಾ ಸಂಕೇತವನ್ನೂ ತಗ್ಗಿಸುತ್ತದೆ. ಭಾರತದ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಕಾರ್ನಿಯಾ ಚಿಕಿತ್ಸೆಗೆ ಇದು ಬಳಕೆಯಲ್ಲಿದೆ. ಹಾಗಾಗಿ ಸಿಗುವುದು ಕಷ್ಟವಲ್ಲ.

ಟ್ರಾಬೆಕ್ಯುಲೆಕ್ಟಮಿ ಜೊತೆ ಇದನ್ನಿಟ್ಟರೆ, ಬರೀ ಟ್ರಾಬೆಕ್ಯುಲೆಕ್ಟಮಿಗಿಂತ ಒತ್ತಡ ಚೆನ್ನಾಗಿ ಇಳಿಯಬಹುದು ಅಂತ ಅದೇ ಕಾಕ್ರೇನ್ ವಿಮರ್ಶೆಯಲ್ಲಿ ಸೂಚನೆ ಇತ್ತು. ಆದರೆ ಅದರ ಹಿಂದಿದ್ದ ಅಧ್ಯಯನಗಳು ಬೆರಳೆಣಿಕೆಯಷ್ಟು. ಸೋರುವ ಹಳೆಯ ಬ್ಲೆಬ್ ದುರಸ್ತಿಗೂ ಇದನ್ನು ಬಳಸುತ್ತಾರೆ. ಅಲ್ಲಿ ಒಂದು ಎಚ್ಚರಿಕೆ. 2000ದಲ್ಲಿ ಪ್ರಕಟವಾದ ಒಂದು ಹೋಲಿಕೆ ಅಧ್ಯಯನದಲ್ಲಿ, ಪಕ್ಕದ ಕಂಜಂಕ್ಟೈವಾವನ್ನೇ ಎಳೆದು ಹೊಲಿಯುವ ಹಳೆಯ ವಿಧಾನ ಆಮ್ನಿಯಾಟಿಕ್ ಪದರಕ್ಕಿಂತ ಮೇಲೆನಿಸಿತು. ನಮ್ಮದೇ ಹೊದಿಕೆ ಸಾಕಷ್ಟು ಉಳಿದಿದ್ದರೆ ಅದೇ ಒಳ್ಳೆಯದು. ಉಳಿದಿಲ್ಲದಾಗ ಈ ಪದರ ಆಸರೆ.

ಜೆಲ್‌ಗಳು ಮತ್ತು ಪ್ರಯೋಗಾಲಯದ ಸುದ್ದಿಗಳು

ಹೀಲಾಫ್ಲೋ ಅನ್ನುವ ಸ್ವಿಸ್ ಜೆಲ್ ಇದೆ. ಎಳೆಗಳನ್ನು ಒಂದಕ್ಕೊಂದು ಬೆಸೆದ ಹೈಯಲುರೊನಿಕ್ ಆಮ್ಲ. ಬಹುಪಾಲು ನೀರೇ. ಮುಚ್ಚಳದ ಸುತ್ತ ಚುಚ್ಚಿ ತುಂಬಿದರೆ ನಿಧಾನವಾಗಿ ಕರಗುತ್ತಾ ಜಾಗ ಹಿಡಿದಿಡುತ್ತದೆ. ಯುರೋಪಿನಲ್ಲಿ ಬಳಕೆ ಇದೆ. ಮೈಟೊಮೈಸಿನ್ ಜೊತೆಗೆ ಸಹಾಯಕ ಅಂತ ನೋಡಬಹುದು, ಅಷ್ಟೇ.

ಔಷಧಿಯನ್ನು ವಾರಗಟ್ಟಲೆ ನಿಧಾನವಾಗಿ ಬಿಡುವ ಹೈಡ್ರೊಜೆಲ್, ಕರಗುವ ಸೂಕ್ಷ್ಮಗುಂಡುಗಳ ಬಗ್ಗೆ ಸುದ್ದಿಗಳು ಬರುತ್ತಲೇ ಇರುತ್ತವೆ. ಬಹುಪಾಲು ಮೊಲದ ಕಣ್ಣಿನ ಫಲಿತಾಂಶಗಳು. ಇಂಥ ಸುದ್ದಿ ಓದುವಾಗ ಒಂದು ಹಳೆಯ ಕಥೆ ನೆನಪಿಡಿ. ಟಿಜಿಎಫ್-ಬೀಟಾ 2ನ್ನೇ ಹಿಡಿದು ಕಟ್ಟಿಹಾಕುವ ಸಿಎಟಿ-152 ಎಂಬ ಆಂಟಿಬಾಡಿ ಬಂತು. ಮೊಲದಲ್ಲಿ ಚೆನ್ನಾಗಿತ್ತು. ಮನುಷ್ಯರ ಮೇಲಿನ ಚಿಕ್ಕ ಪರೀಕ್ಷೆಯೂ ಭರವಸೆ ಕೊಟ್ಟಿತು. 2007ರಲ್ಲಿ ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಾಗ ಔಷಧಿಯಿಲ್ಲದ ಇಂಜೆಕ್ಷನ್‌ಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಿಮ್ಮ ನರ ಈಗ ಸಾಯುತ್ತಿದ್ದರೆ ಮುಂದೆ ಬರಬಹುದಾದ ಜೆಲ್‌ಗಾಗಿ ಆಪರೇಷನ್ ಮುಂದೂಡಬೇಡಿ. ಹೋದ ನೋಟ ಮರಳುವುದಿಲ್ಲ.

ಟ್ಯೂಬ್: ಕಲೆಯನ್ನು ಒಪ್ಪಿಕೊಂಡ ದಾರಿ

ಕಣ್ಣಿನ ಸರ್ಜನ್ ಆಂಟನಿ ಮೊಲ್ಟೆನೊ 1969ರಲ್ಲಿ ಹೊಸ ಬಗೆಯ ಸಾಧನ ತಂದರು. ಮುಂಭಾಗದಲ್ಲಿ ಒಂದು ಟ್ಯೂಬ್, ಅದರ ಇನ್ನೊಂದು ತುದಿಗೆ ಕಣ್ಣಿನ ಗೋಡೆಯ ಮೇಲೆ ಕೂರುವ ತಟ್ಟೆ. ತಟ್ಟೆಯ ಸುತ್ತ ದೇಹ ಕಲೆಯ ಚೀಲ ಕಟ್ಟೇ ಕಟ್ಟುತ್ತದೆ. ಕಟ್ಟಲಿ. ಆ ಚೀಲವೇ ನೀರು ನಿಲ್ಲುವ ಜಾಗ. ಚೀಲದ ಗೋಡೆ ಎಷ್ಟು ದಪ್ಪ, ತಟ್ಟೆ ಎಷ್ಟು ಅಗಲ ಅನ್ನುವುದರ ಮೇಲೆ ಕೊನೆಯ ಒತ್ತಡ ನಿಲ್ಲುತ್ತದೆ.

ಇಲ್ಲಿ ವಸ್ತುವಿನ ಪಾತ್ರ ನಿಜಕ್ಕೂ ಕಾಣುತ್ತದೆ. ಇಂಥದ್ದೇ ಒಂದು ಟ್ಯೂಬ್ ಸಾಧನವಾದ ಅಹ್ಮದ್ ವಾಲ್ವ್ ಮೊದಲು ಗಡುಸು ಪಾಲಿಪ್ರೊಪಿಲೀನ್ ತಟ್ಟೆಯಲ್ಲಿ ಬಂತು. ನಂತರ ಮೆತ್ತನೆಯ ಸಿಲಿಕೋನ್ ತಟ್ಟೆ ಬಂತು. ಎರಡನ್ನೂ ಹೋಲಿಸಿದಾಗ ಸಿಲಿಕೋನ್‌ನಲ್ಲಿ ಒತ್ತಡ ಚೆನ್ನಾಗಿ ಇಳಿಯಿತು. ಗಡುಸು ವಸ್ತು ಕಣ್ಣು ಅಲುಗಾಡಿದಾಗಲೆಲ್ಲ ಸುತ್ತಲನ್ನು ಕೆರಳಿಸುತ್ತದೆ, ಕಲೆ ದಪ್ಪಗಾಗುತ್ತದೆ ಅನ್ನುವುದು ಅದಕ್ಕೆ ಕೊಡುವ ವಿವರಣೆ.

ನಮ್ಮ ಕಡೆ ನಿಜವಾದ ಹೋಲಿಕೆ ಅಹ್ಮದ್ ಮತ್ತು ಆಡಿ ನಡುವೆ. ಆಡಿ ಅಂದರೆ ಮದುರೈನ ಆರೊಲ್ಯಾಬ್ ಮಾಡುವ ಸಿಲಿಕೋನ್ ಸಾಧನ, ಅಮೆರಿಕದ ಬೇರ್ವೆಲ್ಟ್ ಮಾದರಿಯದು. ತಟ್ಟೆ 350 ಚದರ ಮಿಲಿಮೀಟರ್. 2013ರಿಂದ ಸಿಗುತ್ತಿದೆ. ಆಮದು ಸಾಧನಗಳ ಬೆಲೆಗೆ ಹೋಲಿಸಿದರೆ ತುಂಬ ಅಗ್ಗ. ಬಡ ಕುಟುಂಬಗಳ ಕಣ್ಣು ಉಳಿಸಿದ ದೊಡ್ಡ ಬದಲಾವಣೆ ಅಂತ ನಾನು ಇದನ್ನು ಮನಸಾರೆ ಹೇಳುತ್ತೇನೆ. ಅಹ್ಮದ್‌ನ ತಟ್ಟೆ 184 ಚದರ ಮಿಲಿಮೀಟರ್, ಒಳಗೆ ವಾಲ್ವ್ ಇದೆ.

ವಾಲ್ವ್ ಇರುವುದರಿಂದ ಅಹ್ಮದ್ ಮೊದಲ ದಿನದಿಂದಲೇ ಒತ್ತಡ ಇಳಿಸುತ್ತದೆ. ಆದರೆ ಕೆಲವು ವಾರಗಳ ನಂತರ ಚೀಲ ದಪ್ಪಗಾಗಿ ಒತ್ತಡ ಮತ್ತೆ ಏರುವ ಒಂದು ಹಂತ ಬಹಳ ಜನರಲ್ಲಿ ಬರುತ್ತದೆ. ಆಗ ಡ್ರಾಪ್ಸ್ ಮತ್ತೆ ಶುರು. ಆಡಿಯಲ್ಲಿ ವಾಲ್ವ್ ಇಲ್ಲ. ಚೀಲ ಕಟ್ಟುವವರೆಗೆ ಟ್ಯೂಬನ್ನು ಕರಗುವ ದಾರದಿಂದ ಕಟ್ಟಿಡುತ್ತಾರೆ. ಸುಮಾರು ಐದಾರು ವಾರದಲ್ಲಿ ದಾರ ಕರಗಿ ಟ್ಯೂಬ್ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಒತ್ತಡ ಏರಿಯೇ ಇರಬಹುದು, ಮಾತ್ರೆ, ಡ್ರಾಪ್ಸ್ ಬೇಕು. ತೆರೆದುಕೊಂಡ ದಿನಗಳಲ್ಲಿ ಒತ್ತಡ ಕುಸಿಯಲೂಬಹುದು. ಬೇರ್ವೆಲ್ಟ್ ಮತ್ತು ಅಹ್ಮದ್ ಹೋಲಿಸಿದ ದೊಡ್ಡ ಅಧ್ಯಯನಗಳಲ್ಲಿ ಐದು ವರ್ಷಕ್ಕೆ ಕಂಡದ್ದು ಇದೇ: ಬೇರ್ವೆಲ್ಟ್‌ನಲ್ಲಿ ಒತ್ತಡ ಹೆಚ್ಚು ಕೆಳಗೆ, ಡ್ರಾಪ್ಸ್ ಕಡಿಮೆ. ಆದರೆ ಒತ್ತಡ ಅತಿಯಾಗಿ ಇಳಿದು ತೊಂದರೆಯಾಗುವುದು ಅದರಲ್ಲೇ ಜಾಸ್ತಿ. ಒತ್ತಡ 45, 50 ಇದ್ದು ಇವತ್ತೇ ಇಳಿಯಬೇಕಾದ ಕಣ್ಣಿಗೆ ಅಹ್ಮದ್. ಕೆಲವು ವಾರ ಕಾಯಬಲ್ಲ, ದೀರ್ಘಕಾಲ ಕಡಿಮೆ ಒತ್ತಡ ಬೇಕಾದ ಕಣ್ಣಿಗೆ ಆಡಿ.

ಟ್ಯೂಬ್ ಮೇಲಿನ ಹೊದಿಕೆ ಸವೆದು ಟ್ಯೂಬ್ ಹೊರಬರದಂತೆ ಸಾಮಾನ್ಯವಾಗಿ ದಾನಿಯ ಸ್ಕ್ಲೀರಾ (ಕಣ್ಣಿನ ಬಿಳಿ ಗೋಡೆ) ಅಥವಾ ಕಾರ್ನಿಯಾದ ತುಂಡು ಹೊದಿಸುತ್ತಾರೆ. ಇದು ಬರುವುದು ನೇತ್ರ ಬ್ಯಾಂಕ್‌ನಿಂದ. ನೇತ್ರದಾನದ ಕಣ್ಣು ಕಾರ್ನಿಯಾ ಕಸಿಗೆ ಮಾತ್ರ ಅಲ್ಲ, ಗ್ಲಾಕೋಮಾ ರೋಗಿಗೂ ಹೀಗೆ ಉಪಯೋಗಕ್ಕೆ ಬರುತ್ತದೆ. ಟ್ಯೂಬ್‌ನ ಬೇರೆ ಅಪಾಯಗಳನ್ನೂ ತಿಳಿದಿರಿ: ಕಾರ್ನಿಯಾ ಒಳಪದರದ ಕಣಗಳು ಸವೆಯಬಹುದು, ಎರಡೆರಡಾಗಿ ಕಾಣಬಹುದು.

ಅದೇ ಎರಡು ಆಪರೇಷನ್, ಬೇರೆ ಕಣ್ಣು, ಬೇರೆ ಉತ್ತರ

ಈ ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಅಮೆರಿಕದಲ್ಲಿ ನಡೆದ ಟ್ಯೂಬ್ ವರ್ಸಸ್ ಟ್ರಾಬೆಕ್ಯುಲೆಕ್ಟಮಿ ಅಧ್ಯಯನ ಹಿಂದೆ ಆಪರೇಷನ್ ಆಗಿದ್ದ ಕಣ್ಣುಗಳನ್ನು ತೆಗೆದುಕೊಂಡಿತು. ಐದು ವರ್ಷಕ್ಕೆ ಟ್ಯೂಬ್ ಸೋತದ್ದು ಶೇ 29.8, ಮೈಟೊಮೈಸಿನ್ ಹಾಕಿದ ಟ್ರಾಬೆಕ್ಯುಲೆಕ್ಟಮಿ ಸೋತದ್ದು ಶೇ 46.9. ಟ್ಯೂಬ್ ಗೆದ್ದಿತು. ಆಮೇಲೆ ಅದೇ ತಂಡದವರು ಯಾವ ಆಪರೇಷನ್ನೂ ಆಗದ ಕಣ್ಣುಗಳಲ್ಲಿ ಅದೇ ಎರಡನ್ನು ಹೋಲಿಸಿದರು. ಒಂದು ವರ್ಷಕ್ಕೆ ಟ್ಯೂಬ್ ಸೋತದ್ದು ಶೇ 17.3, ಟ್ರಾಬೆಕ್ಯುಲೆಕ್ಟಮಿ ಶೇ 7.9. ಈ ಬಾರಿ ಟ್ರಾಬೆಕ್ಯುಲೆಕ್ಟಮಿ ಮುಂದೆ. ಐದು ವರ್ಷದ ಹೊತ್ತಿಗೆ ಆ ಅಂತರ ಕುಗ್ಗಿತು. ಸಾಧನ ಅದೇ, ಔಷಧಿ ಅದೇ. ಬದಲಾದದ್ದು ಮೇಲ್ಹೊದಿಕೆಯ ಚರಿತ್ರೆ.

ಕೂದಲೆಳೆ ಕೊಳವೆಗಳು

ಝೆನ್ 45 ಆರು ಮಿಲಿಮೀಟರ್ ಉದ್ದದ ಜೆಲಾಟಿನ್ ಕೊಳವೆ, ಒಳಗಿನ ದಾರಿ 45 ಮೈಕ್ರಾನ್. ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಪಡೆಯಿತು. ಪ್ರಿಸರ್ಫ್ಲೋ 8.5 ಮಿಲಿಮೀಟರ್ ಉದ್ದ, ಒಳದಾರಿ 70 ಮೈಕ್ರಾನ್. ಇದರ ವಸ್ತು ಸಿಬ್ಸ್ ಎಂಬ ಪಾಲಿಮರ್. ದೇಹದೊಳಗೆ ಒಡೆಯುವುದಿಲ್ಲ, ಉರಿಯೂತ ಅತಿ ಕಡಿಮೆ. ಹೃದಯದ ಸ್ಟೆಂಟ್ ಲೇಪನಕ್ಕೆ ಬಳಸಿದ ಅದೇ ಬಗೆಯ ವಸ್ತು.

ಇಷ್ಟು ಒಳ್ಳೆಯ ವಸ್ತು ಇದ್ದರೂ, ಎರಡನ್ನೂ ಸಾಮಾನ್ಯವಾಗಿ ಮೈಟೊಮೈಸಿನ್ ಜೊತೆಗೇ ಹಾಕುತ್ತಾರೆ. ಕೊಳವೆಯ ಒಳಗೆ ಕಲೆ ಕಟ್ಟುವುದಿಲ್ಲ. ಅದರ ಬಾಯಿ ತೆರೆಯುವ ಕಡೆ, ಹೊದಿಕೆಯ ಕೆಳಗೆ, ಕಟ್ಟುತ್ತದೆ. ಝೆನ್ ಹಾಕಿದ ಎಷ್ಟೋ ಕಣ್ಣುಗಳಿಗೆ ನಂತರ ಸೂಜಿಯಿಂದ ಕಲೆ ಬಿಡಿಸಬೇಕಾಗುತ್ತದೆ. ಪ್ರಿಸರ್ಫ್ಲೋವನ್ನು ಟ್ರಾಬೆಕ್ಯುಲೆಕ್ಟಮಿಗೆ ಹೋಲಿಸಿದ, 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಒಂದು ವರ್ಷದ ಯಶಸ್ಸು ಶೇ 53.9, ಟ್ರಾಬೆಕ್ಯುಲೆಕ್ಟಮಿಯದು ಶೇ 72.7. ಸರಾಸರಿ ಒತ್ತಡ 14.3 ಮತ್ತು 11.1. ಅದೇ ಪರೀಕ್ಷೆಯಲ್ಲಿ ಒತ್ತಡ ಅತಿಯಾಗಿ ಇಳಿಯುವುದು ಕೊಳವೆಯಲ್ಲಿ ಕಡಿಮೆ ಇತ್ತು. ಆದ್ದರಿಂದ 14, 15 ಸಾಕು ಅನ್ನುವ, ಬೇಗ ಚೇತರಿಸಿಕೊಳ್ಳಬೇಕಾದ ಕಣ್ಣಿಗೆ ಕೊಳವೆ ಒಪ್ಪುತ್ತದೆ. ಕಾಯಿಲೆ ಮುಂದುವರಿದಿದ್ದರೆ ಒಪ್ಪುವುದಿಲ್ಲ.

ನಿಮ್ಮ ಕಣ್ಣು ಯಾವುದು?

ಮೊದಲ ಆಪರೇಷನ್, ವಯಸ್ಸು ಐವತ್ತು ದಾಟಿದೆ, ಹೊದಿಕೆ ಚೆನ್ನಾಗಿದೆ, ಒತ್ತಡ ತುಂಬ ಕೆಳಗಿಳಿಯಬೇಕು ಅಂದರೆ ಮೈಟೊಮೈಸಿನ್ ಜೊತೆ ಟ್ರಾಬೆಕ್ಯುಲೆಕ್ಟಮಿ. ಹಿಂದೆ ಒಂದು ಬ್ಲೆಬ್ ಸೋತಿದೆ, ಹೊದಿಕೆ ಅಂಟಿಕೊಂಡಿದೆ ಅಂದರೆ ಟ್ಯೂಬ್. ಸಕ್ಕರೆ ಕಾಯಿಲೆಯ ಹೊಸ ರಕ್ತನಾಳಗಳಿದ್ದರೆ ಮೊದಲು ಅವನ್ನು ಬಾಡಿಸುವ ಇಂಜೆಕ್ಷನ್, ಆಮೇಲೆ ಹೆಚ್ಚಾಗಿ ಅಹ್ಮದ್. ಮಕ್ಕಳದು ಬೇರೆಯೇ ಲೋಕ. ಹುಟ್ಟಿನಿಂದ ಬಂದ ಗ್ಲಾಕೋಮಾಕ್ಕೆ ಮೊದಲು ಒಳಜಾಲರಿ ತೆರೆಯುವ ಆಪರೇಷನ್ ಮಾಡುತ್ತಾರೆ. ಬ್ಲೆಬ್, ಟ್ಯೂಬ್ ವಿಚಾರ ಬರುವುದು ಅದು ಸಾಲದಿದ್ದಾಗ.

ಊರು ಎಷ್ಟು ದೂರ ಅನ್ನುವುದನ್ನೂ ಸರ್ಜನ್‌ಗೆ ಹೇಳಿ. ನಾಚಿಕೆ ಬೇಡ. ಟ್ರಾಬೆಕ್ಯುಲೆಕ್ಟಮಿ ಆದ ಮೇಲೆ ಮೊದಲ ಎರಡು ಮೂರು ತಿಂಗಳು ಪದೇ ಪದೇ ತೋರಿಸಬೇಕು. ಹೊಲಿಗೆ ಯಾವಾಗ ಲೇಸರ್‌ನಿಂದ ಕತ್ತರಿಸಬೇಕು, ಯಾವಾಗ ಸೂಜಿ ಹಾಕಬೇಕು, ಯಾವಾಗ ಸ್ಟೀರಾಯ್ಡ್ ಡ್ರಾಪ್ಸ್ ಇಳಿಸಬೇಕು ಅನ್ನುವ ತೀರ್ಮಾನಗಳೆಲ್ಲ ಆಗ ಆಗುತ್ತವೆ. ಬೀದರಿನ ಹಳ್ಳಿಯಿಂದ ಬೆಂಗಳೂರಿಗೆ ವಾರವಾರ ಬರಲು ಆಗದವರು, ಹತ್ತಿರದಲ್ಲಿ ಈ ಕೆಲಸ ನೋಡಿಕೊಳ್ಳುವ ಕಣ್ಣಿನ ಡಾಕ್ಟರ್ ಯಾರು ಅಂತ ಆಪರೇಷನ್‌ಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸ್ಪಂಜು ಹಾಕಿಸಿದ್ದೇವೆ, ಇನ್ನು ತೋರಿಸುವ ಅಗತ್ಯ ಇಲ್ಲ ಅನ್ನುವ ಭಾವನೆ ಬಂದರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಆಪರೇಷನ್‌ಗೆ ಮುಂಚೆ ಕಡಿಮೆ ಖರ್ಚಿನಲ್ಲಿ ಆಗುವ ಒಂದು ಕೆಲಸ ಇದೆ. ಕೆರಳಿಸುವ ಡ್ರಾಪ್ಸ್ ನಿಲ್ಲಿಸಿ, ಒಂದು ತಿಂಗಳು ಸೌಮ್ಯ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಹೊದಿಕೆಯ ಉರಿಯೂತ ಇಳಿಯುತ್ತದೆ ಅಂತ 1990ರ ದಶಕದಲ್ಲೇ ತೋರಿಸಿದ್ದಾರೆ. ಕೆಲವರಿಗೆ ಸ್ಟೀರಾಯ್ಡ್‌ನಿಂದಲೇ ಒತ್ತಡ ಏರುತ್ತದೆ, ಹಾಗಾಗಿ ನೀವೇ ಶುರು ಮಾಡಬೇಡಿ. ನಮಗೆ ಇದು ಆಗುತ್ತದಾ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್‌ಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಹಣದ ವಿಷಯದಲ್ಲಿ, ಪ್ಯಾಕೇಜ್‌ನಲ್ಲಿ ಸಾಧನದ ಬೆಲೆ ಸೇರಿದೆಯಾ, ಪ್ರತ್ಯೇಕವಾ ಅಂತ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಆಪರೇಷನ್ ಜೊತೆ ಸಾಧನವೂ ಬರುತ್ತದಾ ಅಂತ ಆಸ್ಪತ್ರೆಯ ಯೋಜನಾ ಕೌಂಟರ್‌ನಲ್ಲಿ ಮೊದಲೇ ವಿಚಾರಿಸಿ.

ಬ್ಲೆಬ್ ಇರುವ ಕಣ್ಣು ಕೆಂಪಾದರೆ, ನೋವು ಬಂದರೆ, ಪಿಸುರು ಕಂಡರೆ, ನೋಟ ಮಂಜಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಇದೇ ಮಾತು. ಹೊಲದ ಕೆಲಸ, ಧೂಳು ಇದ್ದರೆ ಕನ್ನಡಕ ಹಾಕಿಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಅಭ್ಯಾಸ ಇದ್ದರೆ ಕೇಳದೆ ಹಾಕಬೇಡಿ. ಕಣ್ಣಿಗೆ ಏನು ಹಾಕಿದ್ದಾರೆ ಅನ್ನುವುದರ ಲೇಬಲ್ ಸಾಧನದ ಡಬ್ಬಿಯಲ್ಲೇ ಇರುತ್ತದೆ. ಅದನ್ನು ಕೇಳಿ ಪಡೆದು ಫೈಲ್‌ಗೆ ಅಂಟಿಸಿ, ಫೋನಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ. ಮುಂದೆ ಎಂಆರ್‌ಐ ಮಾಡಿಸುವಾಗ, ಬೇರೆ ಊರಿನಲ್ಲಿ ತುರ್ತಾಗಿ ಡಾಕ್ಟರಿಗೆ ತೋರಿಸುವಾಗ ಮೊದಲು ಕೇಳುವುದು ಅದನ್ನೇ.